ನೀರುಗಂಟಿಯ ಕಿವಿ

ಮೊದಲು ಒಂದು ದಪ್ಪ ದನಿ, ತುಕ್ಕು ಹಿಡಿದ ಕಬ್ಬಿಣದ ಗೇಟನ್ನು ಯಾರೋ ನಿಧಾನವಾಗಿ ತಳ್ಳಿದ ಹಾಗೆ. ಕೆರೆಯ ಆಚೆ ದಡದಿಂದ ಅದಕ್ಕೆ ಇನ್ನೊಂದರ ಉತ್ತರ. ಆಮೇಲೆ ಗದ್ದೆಬಯಲಿನ ಸಣ್ಣವು, ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ, ಟಿರ್‍ರ್ ಟಿರ್‍ರ್ ಎಂದು ಎಲ್ಲ ಕಡೆಯಿಂದ. ಐದು ನಿಮಿಷ ಕಳೆಯುವುದರೊಳಗೆ ಇಡೀ ಬಯಲೇ ಕೂಗುತ್ತಿತ್ತು. ಊಟಕ್ಕೆ ಕೂತ ಅಪ್ಪ ಸಾರು ಬೇಕೆಂದರೆ ಎರಡು ಸಲ ಕೇಳಬೇಕಾಗುತ್ತಿತ್ತು. ಕುಂದಾಣದ ಹತ್ತಿರದ ನಮ್ಮೂರಿನಲ್ಲಿ ಮೊದಲ ದೊಡ್ಡ ಮಳೆ ಬಂದು ನಿಂತ ಸಂಜೆ ಕಪ್ಪೆಗಳ ಗದ್ದಲ ಹೀಗಿರುತ್ತಿತ್ತು.

ಇದೆಲ್ಲ ಈಗ ನೆನಪಾದದ್ದು ಒಂದು ಸೊಳ್ಳೆ ಬ್ಯಾಟಿನಿಂದ ಎಂದರೆ ನೀವು ನಗುತ್ತೀರಿ, ನಗಿ. ದೇವನಹಳ್ಳಿಯ ಮಗಳ ಮನೆಯಲ್ಲಿ ಸಂಜೆ ಹೊತ್ತು ನನಗೆ ವಹಿಸಿರುವ ಏಕೈಕ ಕೆಲಸ ಅದು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಟೆನಿಸ್ ಚಾಂಪಿಯನ್ನಿನ ಹಾಗೆ ಬ್ಯಾಟು ಹಿಡಿದು, ಚಟ್ ಎಂದರೆ ಒಂದು, ಚಟ್ ಎಂದರೆ ಎರಡು. ನಿನ್ನೆಯೂ ಹಾಗೇ ಕೂತಿದ್ದೆ. ಜೋರು ಮಳೆ ಬಂದು ನಿಂತಿತ್ತು. ಎದುರಿನ ಖಾಲಿ ಸೈಟಿನಲ್ಲಿ ಮೊಣಕಾಲುದ್ದ ನೀರು. ಎರಡು ಚಟ್‌ಗಳ ನಡುವೆ ಇದ್ದಕ್ಕಿದ್ದಂತೆ ಬ್ಯಾಟು ಬೀಸುವುದನ್ನು ನಿಲ್ಲಿಸಿದೆ. ಇಷ್ಟು ಮಳೆ, ಇಷ್ಟು ನೀರು, ಒಂದೇ ಒಂದು ದನಿಯಿಲ್ಲ. ಅದಕ್ಕಿಂತ ಹೆದರಿಕೆಯಾದದ್ದು ಬೇರೆ ವಿಷಯಕ್ಕೆ. ಈ ದನಿ ಇಲ್ಲವೆಂಬುದು ನನಗೆ ಎಷ್ಟು ಮಳೆಗಾಲಗಳಿಂದ ಗೊತ್ತಾಗಿರಲಿಲ್ಲ?

ನಮ್ಮೂರಿನಲ್ಲಾಗಿದ್ದರೆ ಇದು ಒಬ್ಬ ಮನುಷ್ಯನಿಗೆ ತಕ್ಷಣ ಗೊತ್ತಾಗುತ್ತಿತ್ತು. ಅವನು ನಮ್ಮ ಕೆರೆಯ ನೀರುಗಂಟಿ ಪಿಳ್ಳಪ್ಪ. ನೀರುಗಂಟಿ ಎಂದರೆ ಕೆರೆಯ ತೂಬು ತೆಗೆದು, ಕೆಳಗಿನ ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುವವನು. ನೀರು ಎಲ್ಲರದು, ತೂಬಿನ ಕೀಲು ಮಾತ್ರ ಅವನ ಕೈಯಲ್ಲಿ. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಅವನಿಗೆ ಇಷ್ಟು ಹೊರೆ ಭತ್ತ ಕೊಡಬೇಕು. ಸಣ್ಣ ಆಳು, ಕಪ್ಪು ಮೈ, ತಲೆಗೊಂದು ಕೆಂಪು ಟವಲ್ಲು. ಅಪ್ಪನ ವಯಸ್ಸಿನವನನ್ನು ನಾನು, ಮೊಣಕಾಲೆತ್ತರದ ಹುಡುಗಿ, ‘ಪಿಳ್ಳಪ್ಪ, ಬಾ, ಹೋಗು’ ಎನ್ನುತ್ತಿದ್ದೆ. ಕಾನ್ವೆಂಟಿನಲ್ಲಿ ಪ್ಲೀಸು, ಥ್ಯಾಂಕ್ ಯೂ, ಎಕ್ಸ್‌ಕ್ಯೂಸ್ ಮಿ ಎಲ್ಲ ಕಲಿತು ಬಂದ ಮೇಲೂ ಹಾಗೇ ಅನ್ನುತ್ತಿದ್ದೆ. ಮ್ಯಾನರ್ಸ್ ಎಂಬುದು ಬೆಂಗಳೂರಿನ ಗೇಟಿನೊಳಗೆ ಮಾತ್ರ ಬಳಸುವ ವಸ್ತು ಅಂದುಕೊಂಡಿದ್ದೆನೋ ಏನೋ. ಈಗ ಬರೆಯುವಾಗಲೂ ಏಕವಚನವೇ ಬರುತ್ತಿದೆ. ಅದು ಈಗ ಸಲಿಗೆಯದು ಎಂದು ನಂಬಿಕೊಂಡಿದ್ದೇನೆ.

ಸಂಜೆ ಕೆರೆ ಏರಿಯ ಮೇಲೆ, ತೂಬಿನ ಕಲ್ಲಿಗೆ ಒರಗಿ, ಎಡಗಿವಿಗೆ ಅಂಗೈ ಬಟ್ಟಲು ಮಾಡಿ ಅವನು ಕೂರುತ್ತಿದ್ದ. ರಜೆಯಲ್ಲಿ ಊರಿಗೆ ಹೋದಾಗ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ.

“ಅಮ್ಮಯ್ಯ, ಕಣ್ಣು ಮುಚ್ಕಳಿ. ಈಗ ಹೇಳಿ, ಎಲ್ಲಿ ಸುಮ್ಕೈತೆ?”

ನಾನು ಎತ್ತಲೋ ಕೈ ತೋರಿಸುತ್ತಿದ್ದೆ.

“ಅಯ್ಯೋ, ಅತ್ಲಾಗಲ್ಲ. ಅಲ್ಲಿ ಮದುವೆ ಮನೆ ಥರ ಗಲಾಟೆ ನಡೀತೈತೆ. ನೋಡಿ, ಹುಣಿಸೇಮರದ ಕೆಳಗಿನ ಗದ್ದೆ. ಸಣ್ಣವು ಬಾಯಿ ಮುಚ್ಕಂಡವೆ. ಅಂದ್ರೆ ನೀರು ಇಂಗೈತೆ.”

ಅವನ ಲೆಕ್ಕ ಇಷ್ಟೇ. ನೀರು ನಿಂತ ಗದ್ದೆ ಕೂಗುತ್ತದೆ, ಇಂಗಿದ ಗದ್ದೆ ಸುಮ್ಮನಾಗುತ್ತದೆ. ನಲವತ್ತು ಐವತ್ತು ತಾಕುಗಳನ್ನು ಕತ್ತಲಾದ ಮೇಲೆ ಲಾಂದ್ರ ಹಿಡಿದು ಸುತ್ತುವವರು ಯಾರು? ಕೂತಲ್ಲೇ ಕೇಳಿಸಿಕೊಂಡು, ಸುಮ್ಮನಿದ್ದ ಕಡೆಗೆ ಕಾಲುವೆ ತಿರುಗಿಸುತ್ತಿದ್ದ. ದನಿಗಳೂ ಒಂದೇ ಅಲ್ಲ. ಹಳದಿ ಮೈಯ ದಪ್ಪ ಗೋಂಕರುಗಪ್ಪೆ ಕೂಗಿದರೆ ಕೆರೆಗೆ ಹೊಸ ನೀರು ಬಂತೆಂದು. ಬೇಲಿಯ ಮರಗಪ್ಪೆ ವಟಗುಟ್ಟಿದರೆ ಮಳೆ ಇನ್ನೂ ಇದೆ, ತೂಬು ಮುಚ್ಚಬಹುದೆಂದು. ಒಂದೊಂದು ದನಿಗೂ ಒಂದೊಂದು ಕೆಲಸ. ಎಷ್ಟು ಬಗೆಯವು ಎಂದು ಒಮ್ಮೆ ಕೇಳಿದ್ದೆ. ಬೆರಳು ಮಡಚುತ್ತ ಹೋಗಿ, ಎರಡೂ ಕೈ ಮುಗಿದ ಮೇಲೆ, “ಇನ್ನೂ ಅವೆ, ಅವ್ರ ಹೆಸರು ನಾನು ಕೇಳಿಲ್ಲ” ಎಂದು ಗಂಭೀರವಾಗಿ ಹೇಳಿದ.

ಇಂಥ ಕೆರೆಯನ್ನು ನಾನು ಕೊಟ್ಟುಬಿಟ್ಟೆ. ಒಂದು ಹೊಗಳಿಕೆಗೆ.

ಅರವತ್ತರ ದಶಕದ ಕೊನೆಯ ಮಾತು. ಬೆಂಗಳೂರಿನಲ್ಲಿ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿ.ಯು.ಸಿ. ಓದುತ್ತಿದ್ದೆ. ಅಷ್ಟು ವರ್ಷ ಅಲ್ಲಿದ್ದರೂ ನನ್ನ ಇಂಗ್ಲಿಷಿಗೆ ಗದ್ದೆಯ ಮಣ್ಣು ಮೆತ್ತಿಕೊಂಡೇ ಇತ್ತು. ನಾನು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ಕಿಸಕ್. ಹಾಗಾಗಿ ತೆರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಜುವಾಲಜಿ ಲ್ಯಾಬಿನಲ್ಲಿ, ಮೇಣದ ಟ್ರೇಗಳ ಮುಂದೆ ನಾವು ನಿಂತಿದ್ದಾಗ, ಸಿಸ್ಟರ್ ಬರ್ನಡೆಟ್ ಒಂದು ಬಡಕಲು ಕಪ್ಪೆಯನ್ನು ಚಿಮುಟದಲ್ಲಿ ಎತ್ತಿ ಹಿಡಿದು, “ಸಚ್ ಪೂರ್ ಸ್ಪೆಸಿಮೆನ್ಸ್, ಗರ್ಲ್ಸ್! ಹಾರ್ಟ್ ಎಲ್ಲಿದೆ ಅಂತ ಹೇಗೆ ತೋರಿಸಲಿ?” ಎಂದು ಕೊರಗಿದರು.

ನನ್ನ ಕೈ ತಾನಾಗಿ ಮೇಲೆದ್ದಿತು. “ಸಿಸ್ಟರ್, ಇನ್ ಅವರ್ ವಿಲೇಜ್ ಟ್ಯಾಂಕ್, ಥೌಸಂಡ್ಸ್! ದಿಸ್ ಬಿಗ್!”

ಯಾರೂ ನಗಲಿಲ್ಲ. ಸಿಸ್ಟರ್ ನನ್ನ ಕೆನ್ನೆ ತಟ್ಟಿ, “ಮೈ ಡಿಯರ್, ಯು ಆರ್ ಎ ಟ್ರೆಷರ್” ಎಂದರು. ಲ್ಯಾಬಿಗೆ ಕಪ್ಪೆ ತಂದುಕೊಡುವ ಏಜೆಂಟನಿಗೆ ದಾರಿ ತಿಳಿಯಲೆಂದು ಒಂದು ಹಾಳೆ ಕೊಟ್ಟು ಮ್ಯಾಪ್ ಬರೆಯಲು ಹೇಳಿದರು. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಬೇರೇನನ್ನೂ ಬರೆದಿಲ್ಲ. ಬಸ್ಸು ನಿಲ್ಲುವ ಅರಳೀಮರ, ಅಲ್ಲಿಂದ ಏರಿ, ಏರಿಯ ನಡುವೆ ತೂಬು. ಚಿತ್ರ ಬೋಳಾಗಿ ಕಂಡಿತೆಂದು ತೂಬಿನ ಪಕ್ಕ ಒಬ್ಬ ಪುಟ್ಟ ಮನುಷ್ಯನನ್ನೂ ಕೂರಿಸಿದೆ. ತಲೆಗೆ ಟವಲ್ಲು, ಕಿವಿಗೆ ಕೈ.

“ಹೌ ಸ್ವೀಟ್! ಹೂ ಇಸ್ ಹಿ?”

“ಅವರ್ ವಾಟರ್‌ಮ್ಯಾನ್, ಸಿಸ್ಟರ್.”

ಮುಂದಿನದು ಅಮ್ಮ ಹೇಳಿ ಗೊತ್ತಾದದ್ದು. ಏಜೆಂಟು ನಾಲ್ಕು ಜನರ ಜೊತೆ ಊರಿಗೆ ಬಂದು, ಅಪ್ಪನ ಮುಂದೆ ಹಾಳೆ ಬಿಚ್ಚಿದನಂತೆ. ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. “ಕಾಲೇಜಿಂದ ಬಂದವ್ರೆ ಕಣೇ, ನಮ್ಮ ಹುಡುಗಿ ಬರೆದಿರೋ ಮ್ಯಾಪು ನೋಡು” ಎಂದು ಅಮ್ಮನಿಗೆ ತೋರಿಸಿ, ಪಿಳ್ಳಪ್ಪನನ್ನು ಕರೆಸಿ, ಇವರಿಗೆ ಜಾಗ ತೋರಿಸು ಎಂದರಂತೆ. ಅಪ್ಪ ಹೇಳಿದ ಮೇಲೆ ಅವನು ಯಾಕೆ ಎನ್ನುವವನಲ್ಲ.

ಅದೇ ವಾರ, ಶನಿವಾರ ನಾನೂ ಊರಿಗೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಹಾಸ್ಟೆಲಿಗೆ ವಾಪಸು ಹೊರಟು ಅರಳೀಮರದ ಕೆಳಗೆ ನಿಂತರೆ, ಬಸ್ಸಿನ ಟಾಪಿನ ಮೇಲೆ ಒದ್ದೆ ಗೋಣಿಚೀಲಗಳನ್ನು ಏರಿಸುತ್ತಿದ್ದರು. ಒಂದು, ಎರಡು ಅಲ್ಲ. ಚೀಲಗಳು ಉಸಿರಾಡುತ್ತಿದ್ದವು. ಒಳಗಿಂದ ಅದೇ ದಪ್ಪ ದನಿ, ಆದರೆ ಬಟ್ಟೆ ತುರುಕಿದ ಬಾಯಿಂದ ಬಂದಂತೆ.

ಕಂಡಕ್ಟರು ಕೆಳಗಿನಿಂದ, “ಟಿಕೆಟ್ ಇಲ್ದಿರೋ ಗಿರಾಕಿಗಳೇ ಜಾಸ್ತಿ ಆಗೋದ್ರಲ್ಲ ಗುರೂ ಇವತ್ತು!” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪಿಳ್ಳಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. “ಅಮ್ಮಯ್ಯ, ನಿಮ್ಮ ಕಿಲಾಸಲ್ಲಿ ಹುಡುಗೀರು ಎಷ್ಟು ಜನ?”

“ಇಪ್ಪತ್ನಾಲ್ಕು.”

ಅವನು ತಲೆಯೆತ್ತಿ ಬಸ್ಸಿನ ಟಾಪು ನೋಡಿದ. ಬೆಂಗಳೂರಿನ ತನಕ ನನ್ನ ನೆತ್ತಿಯ ಮೇಲೆ ನಮ್ಮ ಕೆರೆ ಕೂಗುತ್ತಲೇ ಬಂತು. ಯಲಹಂಕ ದಾಟಿದ ಮೇಲೆ ದನಿ ಒಂದೊಂದಾಗಿ ಕಡಿಮೆಯಾಯಿತು.

ಲ್ಯಾಬಿಗೆ ಬಂದದ್ದು ಒಂದು ಬಕೆಟ್ಟು. ಮಿಕ್ಕ ಚೀಲಗಳದ್ದೇನು ಎಂದರೆ, ಹಿಂಗಾಲು ಮಾತ್ರ ಕತ್ತರಿಸಿ ಐಸಿನಲ್ಲಿಟ್ಟು ಫಾರಿನ್ನಿಗೆ ಕಳಿಸುತ್ತಾರೆ, ಅಲ್ಲಿ ದೊಡ್ಡ ಹೋಟೆಲುಗಳಲ್ಲಿ ತಿನ್ನುತ್ತಾರೆ ಎಂದ ಏಜೆಂಟು. ಸಿಸ್ಟರ್ “ಓ ಡಿಯರ್” ಎಂದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಆಮೇಲೆ ಇನ್ಸಿಷನ್ ಶುರು ಮಾಡಿ ಎಂದರು. ಹಾರ್ಟು ಚೆನ್ನಾಗಿ ಕಂಡಿತು. ನನ್ನ ರೆಕಾರ್ಡ್ ಬುಕ್ಕಿನಲ್ಲಿ ವೆರಿ ಗುಡ್ ಬಿತ್ತು.

ಏಜೆಂಟಿಗೆ ದಾರಿ ಗೊತ್ತಾಯಿತಲ್ಲ, ಪ್ರತಿ ಮಳೆಗಾಲ ಬಂದ. ಮೊದಲು ನಿಂತದ್ದು ಗೋಂಕರುಗಪ್ಪೆಯ ದನಿ. ಆ ಹೊತ್ತಿಗೆ ಗದ್ದೆಗೆ ಹೊಸ ತಳಿಯ ಭತ್ತ ಬಂತು, ಅದಕ್ಕೆ ಹುಳ ಬಿತ್ತು, ಹುಳಕ್ಕೆ ಔಷಧಿ ಬಂತು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಡೆದು, ಸಂಜೆ ಆ ಡಬ್ಬಿಯನ್ನು ಕೆರೆಯಲ್ಲೇ ತೊಳೆಯುತ್ತಿದ್ದರು. ಸಣ್ಣ ದನಿಗಳೂ ತೆಳುವಾದವು. ಬೆಳ್ಳಕ್ಕಿ ಬರುವುದು ಬಿಟ್ಟವು. ಕೇರೆಹಾವು ಕಾಣೆಯಾಗಿ, ಇಲಿಗಳು ತೆನೆ ಕತ್ತರಿಸತೊಡಗಿದವು. ಯಾವುದರಿಂದ ಯಾವುದಾಯಿತೆಂದು ಪಿ.ಯು.ಸಿ. ಜುವಾಲಜಿಯ ನಾನು ತೀರ್ಪು ಕೊಡಲಾರೆ. ಒಂದು ಗಂಟು ನಾನು ಬಿಚ್ಚಿದೆ, ಹೊಲಿಗೆ ಎಲ್ಲಿಯತನಕ ಬಿಚ್ಚಿಕೊಂಡು ಹೋಯಿತೋ ನೋಡಲು ನಾನಲ್ಲಿರಲಿಲ್ಲ, ಅಷ್ಟೇ.

ಆದರೆ ಪಿಳ್ಳಪ್ಪನಿಗೆ ಆದದ್ದನ್ನು ಕಣ್ಣಾರೆ ಕಂಡೆ. ಬಿ.ಎ. ಮುಗಿಸಿ ಊರಿನಲ್ಲಿದ್ದ ವರ್ಷ, ಒಂದು ಬೆಳಿಗ್ಗೆ ನಮ್ಮ ಜಗಲಿಯ ಮುಂದೆ ಜಗಳ. ಹುಣಿಸೇಮರದ ಕೆಳಗಿನ ಗದ್ದೆಯ ನಂಜೇಗೌಡರು ಕೂಗಾಡುತ್ತಿದ್ದರು.

“ಏನ್ಲಾ ಪಿಳ್ಳ, ನನ್ನ ಗದ್ದೆ ಬಿರುಕು ಬಿಟ್ಟೈತೆ, ಪಕ್ಕದೋನ ಗದ್ದೇಲಿ ಎಮ್ಮೆ ಈಜ್ತಾವೆ! ಏನು ಕೊಟ್ಟ ಅವನು ನಿಂಗೆ?”

“ಯಾರೂ ಏನೂ ಕೊಟ್ಟಿಲ್ಲ ಬುದ್ಧಿ. ನಂಗೆ ಗೊತ್ತಾಗ್ಲಿಲ್ಲ.”

“ಇಷ್ಟು ವರ್ಷ ಗೊತ್ತಾಗ್ತಿತ್ತು, ಈಗೇನಾಯ್ತು? ಕಿವುಡ ಆದ್ಯಾ?”

“ಕಿವಿ ನೆಟ್ಟಗೈತೆ ಬುದ್ಧಿ. ಕೇಳಕ್ಕೇ ಏನಿಲ್ಲ. ಎಲ್ಲಾ ಗದ್ದೇನೂ ಸುಮ್ಕಾಗವೆ.”

ಗೌಡರಿಗೆ ಅದು ಕುಂಟುನೆಪವಾಗಿ ಕೇಳಿಸಿತು. ಆ ಸುಗ್ಗಿಯಲ್ಲಿ ಅರ್ಧ ಊರು ಅವನ ಪಾಲಿನ ಭತ್ತ ಕೊಡಲಿಲ್ಲ. ಕಳ್ಳನೆಂಬ ಮಾತನ್ನು ಮಾತ್ರ ಧಾರಾಳವಾಗಿ ಕೊಟ್ಟರು. ತೂಬಿನ ಕೀಲನ್ನೂ ಅವನ ಕೈಯಿಂದ ಕಿತ್ತುಕೊಂಡರು. ಒಳಗೆ ಬಾಗಿಲ ಹಿಂದೆ ನಿಂತಿದ್ದ ನನಗೆ, ಹೊರಗೆ ಬಂದು, ತಪ್ಪು ಅವನದಲ್ಲ, ನನ್ನದು ಎನ್ನಬೇಕೆನ್ನಿಸಿತು. ಇಂಗ್ಲಿಷಿನಲ್ಲಿ ವಾಕ್ಯ ಸಿದ್ಧವಾಗಿಯೂ ಇತ್ತು. ಕನ್ನಡದಲ್ಲಿ ಬಾಯಿಗೆ ಬರಲಿಲ್ಲ.

ಈಗ ಪೇಪರಿನಲ್ಲಿ ಜೀವವೈವಿಧ್ಯ ಎಂಬ ಪದ ಕಂಡಾಗಲೆಲ್ಲ ನನಗೆ ಹುಲಿಯಾಗಲಿ ಆನೆಯಾಗಲಿ ಕಾಣಿಸುವುದಿಲ್ಲ. ಮಡಚಿದ ಹತ್ತು ಬೆರಳು, ಅದರಾಚೆ ಹೆಸರು ಕೇಳದೆ ಉಳಿದವರು ಕಾಣಿಸುತ್ತಾರೆ. ಸಾವಾದರೆ ಒಂದು ತಿಥಿ ಇರುತ್ತದೆ. ದನಿ ನಿಂತದ್ದಕ್ಕೆ ದಿನವಿಲ್ಲ, ಕೇಳಿಸಿಕೊಳ್ಳುತ್ತಿದ್ದವನಿಗೆ ಮಾತ್ರ ಗೊತ್ತು. ಅವನನ್ನೂ ಕಳ್ಳ ಎಂದು ಎಬ್ಬಿಸಿ ಕಳಿಸಿದ ಮೇಲೆ, ಇನ್ನು ಏನೇನು ನಿಲ್ಲುತ್ತಿದೆಯೋ ನಮಗೆ ಹೇಳುವವರು ಯಾರು?

ನಿನ್ನೆ ಬ್ಯಾಟು ಕೆಳಗಿಟ್ಟು, ಬಾಲ್ಕನಿಯ ಲೈಟು ಆರಿಸಿ, ಎಡಗಿವಿಗೆ ಅಂಗೈ ಬಟ್ಟಲು ಮಾಡಿ ಕೂತೆ. ಮಗಳು ಬಂದವಳು ಗಾಬರಿಯಾಗಿ, “ಯಾಕಮ್ಮಾ, ಕಿವಿ ನೋವಾ? ಡ್ರಾಪ್ಸ್ ಹಾಕ್ಲಾ?” ಎಂದಳು. ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ವರ್ಷ ಅವಳಿಗೆ ಹೇಳದೇ ಇದ್ದುದನ್ನು ಹೇಳಿದೆ. ಪಿಳ್ಳಪ್ಪನನ್ನು ಕೊನೆಯ ಸಲ ನೋಡಿದ್ದನ್ನು. ಆಗ ಅವಳೂ ಅಲ್ಲಿದ್ದಳು, ನನ್ನ ಸೊಂಟದ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ತವರಿಗೆ ಬಂದವಳು ಕೂಸನ್ನೆತ್ತಿಕೊಂಡು ಏರಿಯ ಮೇಲೆ ಹೋಗಿದ್ದೆ. ಹಿಂದಿನ ವಾರ ಮಳೆಯಾಗಿತ್ತು. ತೂಬಿನ ಹತ್ತಿರ ಪಿಳ್ಳಪ್ಪ ಕುಕ್ಕರಗಾಲಲ್ಲಿ ಕೂತು, ಒಂದು ಮಡಕೆಯನ್ನು ನೀರಿಗೆ ಬಗ್ಗಿಸುತ್ತಿದ್ದ. ಒಳಗೆ ಗೊದಮೊಟ್ಟೆಗಳು, ಕಪ್ಪು ಎಳ್ಳು ಚೆಲ್ಲಿದಂತೆ, ಬಾಲ ಅಲ್ಲಾಡಿಸುತ್ತ. ಕುಂದಾಣದಾಚೆಯ ಕಲ್ಲುಕ್ವಾರಿಯ ಹೊಂಡದಲ್ಲಿ ಇನ್ನೂ ಒಂದಿಷ್ಟು ಉಳಿದಿವೆಯೆಂದು ಯಾರೋ ಹೇಳಿದ್ದರಂತೆ. ಬೆಳಗಿನ ಜಾವವೇ ಹೊರಟು, ಮಡಕೆಯನ್ನು ತಲೆಯ ಮೇಲೆ ಹೊತ್ತು ತಂದಿದ್ದ.

“ನೀವು... ನಿಮಗೆ ಈಗ ಯಾರೂ ನೀರುಗಂಟಿ ಕೆಲಸ ಕೊಡಲ್ವಲ್ಲ” ಎಂದೆ. ಬಹುವಚನ ಅಂದು ಮೊದಲ ಸಲ ಬಾಯಿಗೆ ಬಂತು. ಅವನು ಗಮನಿಸಿದಂತೆ ಕಾಣಲಿಲ್ಲ.

“ಕೆಲಸಕ್ಕಲ್ಲ ಅಮ್ಮಯ್ಯ. ನಿದ್ದೆ ಬರಲ್ಲ ನಂಗೆ.”

ನಾನು ತಡವರಿಸುತ್ತ ಶುರು ಮಾಡಿದೆ. “ಪಿಳ್ಳಪ್ಪ, ಅವತ್ತು ಆ ಏಜೆಂಟನ್ನ ಕಳಿಸಿದ್ದು ಅಪ್ಪ ಅಲ್ಲ...”

“ಗೊತ್ತು ಬಿಡಿ.”

“ಯಾರು ಹೇಳಿದ್ರು?”

“ಯಾರು ಯಾಕೆ ಹೇಳ್ಬೇಕು? ಆ ಚೀಟೀನ ನನ್ನ ಕೈಗೇ ಕೊಟ್ಟಿದ್ರು ನಿಮ್ಮಪ್ಪ ಬುದ್ಧಿಯೋರು. ಅಕ್ಷರ ಬರಲ್ಲ, ಚಿತ್ರ ಕಾಣಲ್ವಾ? ಟವಲ್ಲು ಸುತ್ಕಂಡು, ಕಿವಿಗೆ ಕೈ ಇಟ್ಕಂಡು ಕೂತಿದ್ನಲ್ಲ ನಾನು. ನಾನು ಹಂಗೆ ಕೂರೋದ್ನ ಅಷ್ಟು ಚೆಂದಾಗಿ ನೋಡಿರೋರು ಈ ಊರಾಗೆ ಇನ್ಯಾರವ್ರೆ?”

ಅವನ ದನಿಯಲ್ಲಿ ಆರೋಪವಿರಲಿಲ್ಲ. ಚಿತ್ರ ಚೆನ್ನಾಗಿ ಬಂದಿತ್ತೆಂಬ ಮೆಚ್ಚುಗೆಯಂಥದೇ ಏನೋ ಇತ್ತು. ಅದನ್ನು ನಾನು ಇವತ್ತಿಗೂ ತಾಳಿಕೊಳ್ಳಲಾರೆ.

“ಮಗೀನ ಈ ಕಡೆ ಕೊಡಿ. ನೀವು ಮಡಕೆ ಹಿಡ್ಕಳಿ. ನಿಧಾನಕ್ಕೆ ಬಗ್ಸಿ, ಕೆಸರಿಗೆ ಬೀಳ್ಬಾರ್ದು” ಎಂದ.

ನಾನು ಬಗ್ಗಿಸಿದೆ. ಒಂದೆರಡು ಗಳಿಗೆ ಅವು ದಡದ ಹತ್ತಿರವೇ ಕಪ್ಪಗೆ ಗುಂಪಾಗಿದ್ದು, ಆಮೇಲೆ ಚದುರಿದವು. ಬಯಲಿನ ಕಡೆಯಿಂದ ಔಷಧಿಯ ಘಾಟು ಬರುತ್ತಿತ್ತು.

“ಕೂಗಿದ್ರೆ, ಬುದ್ಧಿಯೋರ ಕೈಲಿ ನಿಮಗೊಂದು ಕಾರ್ಡು ಬರೆಸ್ತೀನಿ” ಎಂದು ಮಗುವನ್ನು ನನ್ನ ಕೈಗೆ ಕೊಟ್ಟು, ಬರಿದಾದ ಮಡಕೆಯನ್ನು ಕಂಕುಳಲ್ಲಿರಿಸಿಕೊಂಡು ಹೊರಟ. ಏರಿಯುದ್ದಕ್ಕೂ ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಎಡಗಿವಿಗೆ ಅಂಗೈ ಬಟ್ಟಲು ಮಾಡುವುದು, ಮತ್ತೆ ನಾಲ್ಕು ಹೆಜ್ಜೆ. ಅರಳೀಮರದ ಮರೆಗೆ ಹೋಗುವ ತನಕ ಹಾಗೇ ನಿಂತು ನಿಂತು ಹೋದ.