ತಾರಸಿಯ ಮೇಲಿನ ಪೆಟ್ಟಿಗೆ

ನಾನು ಬೇಲೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ಕಳೆದ ವರ್ಷ ವಿಶ್ವವಿದ್ಯಾಲಯದವರು ಅರಸೀಕೆರೆಯಲ್ಲಿ ಸಿಬ್ಬಂದಿಗೆಂದು ಮೂರು ದಿನದ ತರಬೇತಿ ಇಟ್ಟರು. ವಿಷಯ ‘ಜ್ಞಾನ ವರ್ಗಾವಣೆ’. ಪ್ರಯೋಗಾಲಯದಲ್ಲಿ ಕಂಡುಹಿಡಿದದ್ದನ್ನು ಜನರ ಕೈಗೆ ಮುಟ್ಟಿಸುವುದು ಹೇಗೆ ಎಂಬ ಪಾಠ. ವರ್ಗಾವಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸ್ಟಾಫ್ ರೂಮು ಖಾಲಿಯಾಯಿತು. “ವರ್ಗ ಆಗೋದು ಜ್ಞಾನ ಕಣ್ರೀ, ನೀವಲ್ಲ” ಎಂದು ಪ್ರಿನ್ಸಿಪಾಲರು ಬಿಡಿಸಿ ಹೇಳುವಷ್ಟರಲ್ಲಿ ಅಲ್ಲಿ ಉಳಿದಿದ್ದವಳು ನಾನೊಬ್ಬಳೇ. ಹಾಗಾಗಿ ನಾನೇ ಹೋದೆ.

ತರಬೇತಿ ಕೊಡಲು ಬಂದಿದ್ದವಳು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. “ನಿಮ್ಮ ಕಾಲೇಜಿನ ಆವಿಷ್ಕಾರ ಏನು ಮೇಡಮ್?” ಎಂದಳು. ಮೆಣಸು ಒಣಗಿಸಲೆಂದು ನಾನು ಮಾಡಿದ್ದ ಬಿಸಿಲು ಪೆಟ್ಟಿಗೆಯನ್ನು ಬಣ್ಣಿಸಿದೆ. ತಗಡಿನ ಡಬ್ಬ, ಒಳಗೆಲ್ಲ ಕಪ್ಪು ಬಣ್ಣ, ಮೇಲೊಂದು ಗಾಜು.

“ಯಾರು ಬಳಸ್ತಿದಾರೆ?”

ಎರಡು ವರ್ಷದಿಂದ ಲ್ಯಾಬಿನ ತಾರಸಿಯ ಮೇಲಿದ್ದ ಆ ಪೆಟ್ಟಿಗೆ ಒಂದು ಕಾಳು ಮೆಣಸನ್ನೂ ಕಂಡಿರಲಿಲ್ಲ. ಅದರಲ್ಲಿ ಒಣಗುತ್ತಿದ್ದದ್ದು ನಮ್ಮ ಅಟೆಂಡರ್ ಹೆಂಡತಿಯ ಸಂಡಿಗೆ. ಗೊತ್ತಿದ್ದೂ ಸುಮ್ಮನಿದ್ದೆ, ಯಾಕೆಂದರೆ ನನ್ನ ಟೇಬಲ್ಲಿಗೂ ಆಗಾಗ ಒಂದು ಪೊಟ್ಟಣ ಬರುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆ ಹುಡುಗಿ ಮಾತ್ರ ನಗದೆ, “ನಾಳೆ ಅವರನ್ನ ಕರ್ಕೊಂಡ್ ಬನ್ನಿ” ಎಂದಳು.

ಮರುದಿನ ಅಟೆಂಡರ್ ಹೆಂಡತಿ ತಮ್ಮೂರು ಹಳೇಬೀಡಿನಿಂದ ಬಸ್ಸು ಹಿಡಿದು ಬಂದಳು. ವಿಚಾರಣೆಗೆ ಕರೆಸಿದ್ದಾರೆ ಎಂದೇ ತಿಳಿದು ಮುಖ ಸಣ್ಣದು ಮಾಡಿಕೊಂಡಿದ್ದಳು. ಕೈಗೆ ಮೈಕು ಬಂದದ್ದೇ ಹೆದರಿಕೆ ಎಲ್ಲಿ ಹೋಯಿತೋ!

“ಬಾಗ್ಲು ತೀರಾ ಕೆಳಗೈತೆ. ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತು. ಮೇಡಮ್ಮೋರು ಒಂದಿನನಾದ್ರೂ ಅದ್ರಲ್ಲಿ ಏನಾದ್ರೂ ಒಣಗಾಕಿದ್ರೆ ತಿಳೀತಿತ್ತು.”

ನಾನು ನೆಲ ನೋಡಿದೆ. ಆಕೆ ಮುಂದುವರಿಸಿದಳು. ಮನೆಯಲ್ಲಿ ತಾನೇ ಬೇರೊಂದು ಮಾಡಿಸಿಕೊಂಡಿದ್ದಳಂತೆ. ಅದರ ಬಾಗಿಲು ಸೊಂಟದ ಎತ್ತರಕ್ಕೆ, ಗಾಳಿಯ ತೂತುಗಳಿಗೆ ಹಳೇ ಸೀರೆಯ ಬಟ್ಟೆ. ಅದನ್ನು ನೋಡಿ ಅವರ ಬೀದಿಯ ಐದು ಮನೆಯವರು ಮಾಡಿಸಿಕೊಂಡಿದ್ದರಂತೆ.

ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. “ಮೇಡಮ್, ವರ್ಗಾವಣೆ ಆಗ್ಹೋಗಿದೆ! ಕಾಲೇಜಿಗೂ ಇವರಿಗೂ ಆದ ಒಪ್ಪಂದ ಪತ್ರ ಎಲ್ಲಿ?”

ಪತ್ರ ಎಂದ ಕೂಡಲೇ ಈಕೆ ಮೈಕನ್ನು ನನ್ನ ಕೈಗೆ ತುರುಕಿದಳು. “ನಾನ್ ಯಾವ್ದುಕ್ಕೂ ರುಜು ಹಾಕಾಕಿಲ್ಲ ಕಣವ್ವ. ಸಂಡಿಗೆ ಬೇಕಂದ್ರೆ ಕೊಡ್ತೀನಿ.”

ಈ ಸಲ ಹುಡುಗಿಯೂ ನಕ್ಕಳು. ನನಗೆ ನಾಚಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು. ನಾನು ಮಾಡಿದ್ದೊಂದು ಐದು ಮನೆ ಸೇರಿತ್ತು, ಅದೂ ನನಗೇ ಗೊತ್ತಿಲ್ಲದೆ.

ಮುಂದಿನ ತಿಂಗಳು ಅಟೆಂಡರ್ ಹೆಂಡತಿ ಹೇಳಿದ ಅಳತೆಯಲ್ಲೇ ಕಾಲೇಜಿನಲ್ಲಿ ಹೊಸ ಪೆಟ್ಟಿಗೆ ಮಾಡಲು ಕೂತೆವು. ಪ್ರಿನ್ಸಿಪಾಲರೇ ಆಕೆಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಿ, ಕೂರಲು ತಮ್ಮ ಕುರ್ಚಿ ತರಿಸಿದರು. ಆಕೆ ಕೂರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುತ್ತಿಗೆ ಎತ್ತಿಕೊಂಡು ನನ್ನ ಕಡೆ ತಿರುಗಿದಳು.

“ಮೇಡಮ್ಮೋರೇ, ತಗಡು ಗಟ್ಟಿಯಾಗಿ ಹಿಡ್ಕಳಿ. ಅಳ್ಳಾಡಿಸ್ಬ್ಯಾಡಿ.”

ಹಿಡಿದುಕೊಂಡೆ.