ದರ್ಭೆಯ ಕಾಗೆ

ಕಾಗೆ ಮುಟ್ಟಲಿಲ್ಲ.

ಬರಲೇ ಇಲ್ಲ ಎಂದಲ್ಲ. ನದಿಯ ಘಾಟಿನ ಕಟ್ಟೆಯ ಮೇಲೆ ನಾಲ್ಕಾರು ಕುಳಿತಿದ್ದವು. ಪಕ್ಕದವರ ಪಿಂಡ ಮುಟ್ಟಿ ಅನ್ನ ಚೆಲ್ಲಾಡಿದವು. ನಮ್ಮದನ್ನು ದೂರದಿಂದಲೇ ನೋಡಿ ಸುಮ್ಮನಾದವು.

ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೆಲವರು ಕೇಳಿದ್ದೀರಿ. ನಮ್ಮ ಯಜಮಾನರು ವಸಂತರಾವ್ ತೀರಿಕೊಂಡರು. ಅವರ ಕಿಡ್ನಿಯ ಕಾಯಿಲೆ, ಡಯಾಲಿಸಿಸ್ ಎಲ್ಲ ಇಲ್ಲಿ ಆಗಾಗ ಬಂದುಹೋಗಿದೆ. ಇವತ್ತು ಹೇಳಬೇಕಾದದ್ದು ಹತ್ತನೆಯ ದಿನದ ಸಂಗತಿ.

ನಾವಿರುವ ಪುಣೆಯಲ್ಲಿ ಹತ್ತನೆಯ ದಿನ ಪಿಂಡವನ್ನು ಕಾಗೆ ಮುಟ್ಟಬೇಕು. (ನಮ್ಮ ವಿಜಯಪುರದ ಕಡೆಯೂ ಹಾಗೆಯೇ.) ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡುತ್ತಾ ಹೋಗುತ್ತಾರೆ. ಊಟದ ಆಸೆ ಇರಲಾರದು. ಬದುಕಿದ್ದಾಗ ಡಾಕ್ಟರು ಬೇಡವೆಂದಿದ್ದ ಬಾಳೆಹಣ್ಣು, ಮಿರ್ಚಿ ಭಜಿ ಎಲ್ಲವನ್ನೂ ಎಲೆಯ ಮೇಲೆ ಇಟ್ಟಿದ್ದೆ.

ಮೈದುನ ರಾಘು ಶುರು ಮಾಡಿದ. "ಅಣ್ಣಾ, ನಿನ್ನ ಸ್ಕೂಟರ್ ಮಾರೂದಿಲ್ಲ."

ಕಾಗೆ ಕದಲಲಿಲ್ಲ.

"ಗೌರಿ ಮದುವಿ ನಾ ನಿಂತು ಮಾಡ್ತೀನಿ."

ಹತ್ತಿರ ಕುಳಿತಿದ್ದ ಒಂದು ಕಾಗೆಯೂ ಹಾರಿಹೋಯಿತು. ಮಗಳು ಗೌರಿ, ಕಾಲೇಜು ಓದುವವಳು, ಮೆಲ್ಲಗೆ ಹೇಳಿದಳು: "ಮದುವಿ ಅಂದಕೂಡ್ಲೆ ಹೆದರ್ತು ನೋಡ್ರಿ ಕಾಕಾ."

ಆಗ ಅತ್ತೆಯವರು ಬಾಯಿ ಬಿಟ್ಟರು. "ಅಂವಾ ಪೂರಾ ಎಲ್ಲಿ ಹೋಗ್ಯಾನ? ಅರ್ಧಾ ಇಲ್ಲೇ ಅದಾನಲ್ಲ, ಆ ಹುಡುಗಿ ಡಬ್ಬಿಯೊಳಗ."

ಹುಡುಗಿ ಎಂದರೆ ಅನುಷಾ. ಬೆಂಗಳೂರಿನವಳು. ಇಲ್ಲಿ ಒಂದು ಪ್ರಯೋಗಾಲಯದಲ್ಲಿ ಕಿಡ್ನಿಯ ಮೇಲೆ ಸಂಶೋಧನೆ ಮಾಡುತ್ತಾಳೆ. ಹೋದ ವರ್ಷ ಯಜಮಾನರು ಅವಳಿಗೆ ರಕ್ತ ಕೊಟ್ಟಿದ್ದರು. ಅವರದು ವಂಶದಲ್ಲಿ ಇಳಿದು ಬರುವ ಕಾಯಿಲೆ, ಕಿಡ್ನಿಯ ತುಂಬ ನೀರುಗುಳ್ಳೆ. ನಮ್ಮ ಮಾವನವರೂ ಅದರಿಂದಲೇ ಹೋದರು. ಒಂದು ಜೀನಿನಲ್ಲಿ ಒಂದು ತಪ್ಪು, ಅಷ್ಟೇ.

ಆ ರಕ್ತದ ಜೀವಕೋಶಗಳನ್ನು ಗರ್ಭದಲ್ಲಿದ್ದಾಗಿನ ಸ್ಥಿತಿಗೆ ಹಿಂದಕ್ಕೆ ಒಯ್ದು, ಅವುಗಳಿಂದ ಸಾಸಿವೆಯಷ್ಟು ಚಿಕ್ಕ ಕಿಡ್ನಿಗಳನ್ನು ಅವಳು ಬೆಳೆಸಿದ್ದಾಳೆ. ಕೆಲವುಗಳಲ್ಲಿ ಜೀನಿನ ತಪ್ಪು ತಿದ್ದಿದ್ದಾಳೆ, ಉಳಿದವನ್ನು ಇದ್ದಂತೆ ಬಿಟ್ಟಿದ್ದಾಳೆ. ಯಾವುದರಲ್ಲಿ ಗುಳ್ಳೆ ಏಳುತ್ತದೆ, ಯಾವ ಔಷಧಕ್ಕೆ ನಿಲ್ಲುತ್ತದೆ ಎಂದು ನೋಡುವುದು ಅವಳ ಕೆಲಸ. ಮನುಷ್ಯರಿಗೆ ಜೋಡಿಸುವ ಕಿಡ್ನಿ ಇನ್ನೂ ಬಹಳ ದೂರದ ಮಾತು ಎಂದು ಅವಳೇ ಹೇಳುತ್ತಾಳೆ.

ಒಂಬತ್ತನೆಯ ದಿನ ಅವಳು ಮನೆಗೆ ಬಂದಿದ್ದಳು. ಏನು ಸಮಾಧಾನ ಹೇಳಬೇಕೋ ತಿಳಿಯದೆ, "ಆಂಟಿ, ಅಂಕಲ್ ಸೆಲ್ಸ್ ಎಲ್ಲಾ ಚೆನ್ನಾಗಿವೆ" ಅಂದು ನಾಲಿಗೆ ಕಚ್ಚಿಕೊಂಡಳು. ಆಮೇಲೆ, "ನಿಮಗೆ ಬೇಡ ಅನ್ಸಿದ್ರೆ ಒಂದು ಮಾತು ಹೇಳಿ ಸಾಕು. ಡಿಸ್ಕಾರ್ಡ್ ಮಾಡ್ತೀವಿ" ಎಂದಳು. ಅತ್ತೆಯವರು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು.

ಘಾಟಿನಲ್ಲಿ ರಾಘು ಅದನ್ನೇ ಹಿಡಿದ. "ವೈನಿ, ಆಕಿಗೆ ಫೋನ್ ಹಚ್ರಿ. ಚೆಲ್ಲಿಬಿಡು ಅಂತ ಹೇಳ್ರಿ. ಅಣ್ಣಗ ಬಿಡುಗಡಿ ಆಗಲಿ."

(ರಾಘುವಿನ ಸ್ಕ್ಯಾನ್ ಕ್ಲೀನ್ ಬಂದಿದೆ. ಗೌರಿ ಇನ್ನೂ ಮಾಡಿಸಿಕೊಂಡಿಲ್ಲ. ತಂದೆಯಿಂದ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.)

ಫೋನು ನನ್ನ ಕೈಯಲ್ಲೇ ಇತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೋದವರನ್ನು ಪೂರ್ತಿ ಕಳಿಸಿಕೊಡುತ್ತಿದ್ದಿರಾ? ಇರುವವಳಿಗಾಗಿ ಸ್ವಲ್ಪ ಉಳಿಸಿಕೊಳ್ಳುತ್ತಿದ್ದಿರಾ?

ಗೌರಿಯನ್ನು ನೋಡಿದೆ. ಅವಳು ನದಿಯ ಕಡೆ ಮುಖ ಮಾಡಿದ್ದಳು.

"ಹಚ್ಚೂದಿಲ್ಲ," ಎಂದೆ. "ಅವು ಇರಲಿ."

ರಾಘು ಮುಖ ತಿರುಗಿಸಿದ. ಅತ್ತೆಯವರು ನನ್ನಿಂದ ಸರಿದು ಕುಳಿತರು.

ಕೊನೆಗೆ ಕ್ರಿಯೆ ಮಾಡಿಸುತ್ತಿದ್ದ ಗುರೂಜಿ ಗಡಿಯಾರ ನೋಡಿದರು. ಇನ್ನೊಂದು ಮನೆಯವರು ಕಾಯುತ್ತಿದ್ದರು. "ಆತಾ ದರ್ಭಾಚಾ ಕಾವಳಾ ಕರೂಯಾ," ಇನ್ನು ದರ್ಭೆಯ ಕಾಗೆಯನ್ನೇ ಮಾಡೋಣ ಎಂದು ಒಂದಿಷ್ಟು ದರ್ಭೆ ಎತ್ತಿಕೊಂಡು, ಒಂದು ಗಂಟು ಹಾಕಿ ಎರಡು ರೆಕ್ಕೆ ಬಿಡಿಸಿದರು. ಹುಲ್ಲಿನ ಕಾಗೆ ಸಿದ್ಧ. ಅದನ್ನು ಪಿಂಡಕ್ಕೆ ಮುಟ್ಟಿಸಿದರು. ಮುಗಿಯಿತು. ಶಾಸ್ತ್ರದಲ್ಲಿ ಅವಕಾಶವಿದೆಯಂತೆ. ಹೋದವರಿಗೂ ಸಲ್ಲುತ್ತದಂತೆ.

ವಾಪಸ್ ಬರುವಾಗ ರಿಕ್ಷಾದಲ್ಲಿ ಮೂವರೇ ಇದ್ದೆವು. ಅತ್ತೆಯವರು ನಡುವೆ. ಗಂಡನನ್ನೂ ಮಗನನ್ನೂ ಒಂದೇ ಕಾಯಿಲೆಗೆ ಕೊಟ್ಟವರು. ಸಿಗ್ನಲ್ ಒಂದರಲ್ಲಿ ನಿಂತಾಗ ಗೌರಿಯ ಕೈ ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಗುರೂಜಿ ಕಟ್ಟಿದ ಕಾಗಿ ನಡೀತದ ಅಂದಮ್ಯಾಲೆ, ಆ ಹುಡುಗಿ ತಿದ್ದಿದ ಕಿಡ್ನಿ ಯಾಕ ನಡ್ಯಂಗಿಲ್ಲ?"