ರೋಜಿ ಪ್ರಾರ್ಥನೆ ನಿಲ್ಲಿಸಿದ್ದು

ಬೆಳಿಗ್ಗೆ ಹಾಲು ಉಕ್ಕುವಷ್ಟರಲ್ಲಿ ಊರಿನ ಅರ್ಧ ಜೈನರು ನನ್ನ ಮೊಬೈಲಿನಲ್ಲಿ ಕ್ಷಮೆ ಕೇಳಿಯಾಗಿತ್ತು. ದಶಲಕ್ಷಣ ಪರ್ವ ಮುಗಿದ ಮೇಲೆ ವರ್ಷದ ತಪ್ಪುಗಳಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ನಮ್ಮ ಪದ್ಧತಿ. ಮೊದಲು ಮನೆಮನೆಗೆ ಹೋಗುತ್ತಿದ್ದೆವು. ಈಗ ಒಂದು ಕಮಲದ ಚಿತ್ರ ಸಾಕು. ನಾನೂ ಒಲೆ ಮುಂದೆ ನಿಂತೇ ಎಲ್ಲರಿಗೂ ಕಮಲ ಕಳಿಸುತ್ತಿದ್ದೆ. ನಾದಿನಿಯ ಹೆಸರು ಬಂದಾಗ ಬೆರಳು ನಿಂತಿತು. ರೋಜಿ ನೆನಪಾದಳು.

ನಿಪ್ಪಾಣಿಯ ಕಾನ್ವೆಂಟಿನಲ್ಲಿ ನಮ್ಮ ತರಗತಿಗೆ ಅವಳೊಬ್ಬಳೇ ಕ್ರಿಶ್ಚಿಯನ್. ಬೆಳಗಿನ ಇಂಗ್ಲಿಷ್ ಪ್ರಾರ್ಥನೆ ಹೇಳಿಸುವವಳು ಅವಳು. ಗಂಟಲು ಹರಿಯುವಂತೆ ಹೇಳುವವರು ನಾವು, ಕಬ್ಬು ದ್ರಾಕ್ಷಿ ಬೆಳೆಯುವ ಮನೆಯ ಹುಡುಗಿಯರು. ಅರ್ಥ ಗೊತ್ತಿರಲಿಲ್ಲವಾದ್ದರಿಂದ ಎಲ್ಲೂ ತಡವರಿಸುತ್ತಿರಲಿಲ್ಲ.

ಕ್ರಿಸ್‌ಮಸ್ ನಾಟಕದಲ್ಲಿ ರೋಜಿಗಿದ್ದ ಯೇಸುವಿನ ತಾಯಿ ಮರಿಯಮ್ಮನ ಪಾತ್ರವನ್ನು ಹೆಡ್ ಸಿಸ್ಟರ್ ಒಂದು ದಿನ ಕಿತ್ತು ನನಗೆ ಕೊಟ್ಟರು. ನಮ್ಮವ್ವನ ಹತ್ತಿರ ಆ ಪಾತ್ರಕ್ಕೆ ಬೇಕಾದ ನೀಲಿ ರೇಷ್ಮೆ ಸೀರೆ ಇತ್ತು, ಅಷ್ಟೇ ಕಾರಣ. ಸಂಜೆ ತಾಲೀಮಿನಲ್ಲಿ, ಹೊತ್ತು ಮುಳುಗುವ ಮೊದಲು ಉಣ್ಣಬೇಕಾದ ಈ ಜೈನ ಮರಿಯಮ್ಮ ಶಿಶುವನ್ನು ಹುಲ್ಲಿನ ಮೇಲೆ ಬಿಟ್ಟು ಡಬ್ಬಿ ಬಿಚ್ಚಿದಳು.

ಮರುದಿನ ರೋಜಿ ಪ್ರಾರ್ಥನೆಯ ಅರ್ಧಕ್ಕೇ ಬಾಯಿ ಮುಚ್ಚಿದಳು. ನಾವು ಬ್ರೇಕಿಲ್ಲದ ಟ್ರ್ಯಾಕ್ಟರಿನಂತೆ ಆಮೆನ್‌ವರೆಗೂ ಹೋದೆವು.

“ಯಾಕ ಸುಮ್ಮನಾದಿ?” ಹೆಡ್ ಸಿಸ್ಟರ್ ಕೇಳಿದರು.

“ನಮಗ ತಪ್ಪು ಮಾಡಿದವ್ರನ್ನ ಕ್ಷಮಾ ಮಾಡೇವಿ ಅಂತ ಮುಂದ ಹೇಳ್ಬೇಕ್ರಿ. ನಾ ಮಾಡಿಲ್ರಿ.”

“ಯಾರನ್ನ?”

“ನಿಮ್ಮನ್ನ್ರಿ.”

“ಇಕಿ ಕಥಿ ಮುಗೀತು,” ಎಂದಳು ನನ್ನ ಪಕ್ಕದವಳು.

“ಎಲ್ಲಾರೂ ಹೇಳಾಕತ್ತಾರಲ್ಲ, ನೀನೂ ಹೇಳು! ಇಲ್ಲಂದ್ರ ನಾಳಿಂದ ಬ್ಯಾರೆದವ್ರು ಹೇಳಿಸ್ತಾರ,” ಸಿಸ್ಟರ್ ಗದರಿದರು.

“ಹೇಳಿಸ್ಲಿರಿ. ಅವ್ರು ಬರೇ ಇಂಗ್ಲಿಷ್ ಹೇಳ್ತಾರ. ನಾ ದೇವ್ರಿಗೆ ಹೇಳ್ಬೇಕಲ್ರಿ.”

ಸಿಸ್ಟರ್ ಅವಳ ಮುಂದೆ ಬಂದು ನಿಂತರು. “ತಪ್ಪಾತು ರೋಜಿ. ಪಾತ್ರ ನಿಂದ.”

“ಪಾತ್ರ ತಗೋತೀನ್ರಿ. ಕ್ಷಮಾ ಮಾಡಾಕ ಸ್ವಲ್ಪ ಟೈಮ್ ಬೇಕ್ರಿ.”

ಮುಂದೆ ಕೆಲವು ದಿನ ಆ ಸಾಲು ಬಂದಾಗಲೆಲ್ಲ ರೋಜಿ ನಿಲ್ಲುತ್ತಿದ್ದಳು. ಸಿಸ್ಟರೂ ನಿಂತು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಇಬ್ಬರ ದನಿಯೂ ಒಟ್ಟಿಗೆ ಸಾಲು ದಾಟಿತು. ನಾನು ಕುರಿಯ ಪಾತ್ರಕ್ಕೆ ಇಳಿದೆ. ಮೇಯುವ ಪ್ರಾಣಿಯಾದ್ದರಿಂದ ಡಬ್ಬಿಗೂ ಅನುಕೂಲವಾಯಿತು.

ಕಾಲೇಜಿನಲ್ಲಿ ಅಸ್ತಿತ್ವವಾದದ ಪಾಠ ಬಂತು. ದೇವರನ್ನು ಗುಂಪಿನ ಜೊತೆ ಸೇರಿ ನಂಬಲಾಗದು, ಪ್ರತಿಯೊಬ್ಬರೂ ಒಂಟಿಯಾಗಿ ನಿಂತು ಆರಿಸಿಕೊಳ್ಳಬೇಕು ಎಂದು ಪ್ರೊಫೆಸರರು ಬೆವರುತ್ತ ವಿವರಿಸಿದರು. ‘ಓ, ನಮ್ಮ ರೋಜಿ!’ ಎಂದುಕೊಂಡೆ. ಆದರೆ ಅದು ಪರೀಕ್ಷೆಗೆ ಅಷ್ಟೇ. ಬದುಕಿನಲ್ಲಿ ನಾನು ಕುರಿಯಾಗಿಯೇ ಉಳಿದೆ ನೋಡಿ.

ಇವತ್ತು ಮಾತ್ರ ಕಮಲ ಕಳಿಸದೆ ನಾದಿನಿಗೆ ಫೋನ್ ಹಚ್ಚಿದೆ. “ನೋಡವಾ, ಕ್ಷಮಾ ಅಂತ ಕಳಿಸಾಕ ಹೋಗಿದ್ನಿ. ಆದ್ರ ಎಲ್ಲಾರ ಮುಂದ ನನ್ನ ಹೋಳಿಗಿ ಚಪ್ಪಲಿ ಆಗೇತಿ ಅಂದ್ಯಲ್ಲ, ಅದಿನ್ನೂ ಮನಸ್ಸಿನಾಗ ಐತಿ.”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ನಿಧಾನವಾಗಿ, “ವೈನಿ, ಅಂದದ್ದು ತಪ್ಪಾತ್ರಿ. ಆದ್ರ ಹೋಳಿಗಿ ಖರೇನ ಗಟ್ಟಿ ಇತ್ತು.”

ನನಗೆ ನಗು ತಡೆಯಲಾಗಲಿಲ್ಲ. “ಕ್ಷಮಾ ಇನ್ನೂ ಆಗಿಲ್ಲ ಮತ್ತ,” ಎಂದೆ.

“ಆಗೂತನಕ ನಿಮ್ಮ ಮನ್ಯಾಗ ಕುಂಡ್ರತೀನ್ರಿ. ಚಹಾಕ್ಕ ಇಡ್ರಿ, ಬಂದೆ.”